ಕುಬಸದ ಗಂಟು, ಹಿಗ್ಗುವ ನೂಲು

‘ಹಿಗ್ಗು’ ಎಂಬ ನಮ್ಮ ಮಾತಿಗೆ ಎರಡು ಅರ್ಥಗಳುಂಟು. ಮಳೆಗಾಲದಲ್ಲಿ ಬಾಗಿಲ ಹಲಗೆ ಹಿಗ್ಗುತ್ತದೆ. ಮಗಳು ತವರಿಗೆ ಬಂದರೆ ತಾಯಿಯ ಜೀವ ಹಿಗ್ಗುತ್ತದೆ. ‘ಕುಗ್ಗು’ ಎಂಬುದರ ಮಾತೂ ಹೀಗೆಯೇ. ಆದರೆ ಹಿಗ್ಗಿದ ವಸ್ತು ತಿರುಗಿ ಮೊದಲಿನಂತಾಗುವ ಗುಣಕ್ಕೆ ಆಡುನುಡಿಯಲ್ಲಿ ಒಂದು ಬಿಡಿ ಪದ ಸುಲಭವಾಗಿ ಸಿಕ್ಕುವುದಿಲ್ಲ. ವಿಜ್ಞಾನದ ಪಠ್ಯಗಳನ್ನು ಬರೆದವರು ‘ಸ್ಥಿತಿಸ್ಥಾಪಕತೆ’ ಎಂಬ ಪದವನ್ನು ಕೊಟ್ಟರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸಂತೆಯಲ್ಲಿ ಬಟ್ಟೆ ಹರವಿಕೊಂಡು ಕುಳಿತವನಿಗೆ ಅಷ್ಟುದ್ದದ ಪದ ಬೇಕಿಲ್ಲ. “ಜಗ್ಗಿ ನೋಡ್ರಿ ಅಕ್ಕಾರ, ಬಿಟ್ರ ಮತ್ತ ಇದ್ದಾಂಗ ಆಗತೈತಿ” ಎಂದು ಅವನು ಎರಡೂ ಕೈಯಿಂದ ಬಟ್ಟೆಯನ್ನು ಎಳೆದು ತೋರಿಸುತ್ತಾನೆ. ಪದಕೋಶದ ಕೆಲಸ ಅಲ್ಲಿಗೆ ಮುಗಿಯಿತು.

ಅವನ ಕೈಯಲ್ಲಿರುವುದು ಹಿಗ್ಗುವ ಪಾಲಿಯೆಸ್ಟರ್ ನೂಲು ಸೇರಿದ ಬಟ್ಟೆ. ಅದನ್ನು ಕಂಡಾಗಲೆಲ್ಲ ನನಗೆ ಸಿಂದಗಿ ಸೀಮೆಯ ನಮ್ಮ ಹಳ್ಳಿಯಲ್ಲಿದ್ದ ಅಜ್ಜಿಯ ಕುಬಸ ನೆನಪಾಗುತ್ತದೆ. ಅದರಲ್ಲಿ ಹಿಗ್ಗುವ ನೂಲಿನ ಒಂದೆಳೆಯೂ ಇರಲಿಲ್ಲ. ಆದರೂ ಐದು ಮಕ್ಕಳನ್ನು ಹೆತ್ತು, ಹೊಲದಲ್ಲಿ ಬಾಗಿ ಎದ್ದು ದುಡಿದ ಆ ಮೈಗೆ ಅದೇ ಅಳತೆಯ ಕುಬಸ ಒಂದು ಆಯುಷ್ಯ ಸಾಕಾಯಿತು. ಇದು ಹೇಗೆ ಸಾಧ್ಯವಾಯಿತು ಎಂದು ಕೇಳಿಕೊಂಡರೆ ನಮ್ಮ ಕಡೆಯ ಉಡುಪಿನ ಚರಿತ್ರೆಯ ಒಂದು ಎಳೆ ಕೈಗೆ ಸಿಗುತ್ತದೆ.

ಮೊದಲು ಹೆಸರಿನ ಮಾತು. ಸಂಸ್ಕೃತದ ‘ಕೂರ್ಪಾಸ’ ಕನ್ನಡದ ಬಾಯಲ್ಲಿ ‘ಕುಪ್ಪಸ’ವಾಯಿತು, ಉತ್ತರ ಕರ್ನಾಟಕದಲ್ಲಿ ಅದು ಇನ್ನೂ ಮೆತ್ತಗಾಗಿ ‘ಕುಬಸ’ವಾಯಿತು. ಚೊಚ್ಚಲ ಬಸುರಿಗೆ ತವರಿನವರು ಮಾಡುವ ಕಾರ್ಯಕ್ಕೂ ನಮ್ಮಲ್ಲಿ ‘ಕುಬಸ’ವೆಂದೇ ಹೆಸರು. ಹಸಿರು ಸೀರೆ, ಹಸಿರು ಬಳೆ, ಹೊಸ ಕುಬಸ. ಮೈ ಹಿಗ್ಗುವ ಕಾಲಕ್ಕೆ ಸರಿಯಾಗಿ ಹೆಣ್ಣಿಗೆ ಹೊಸ ಉಡುಪು ಕೊಡುವ ಈ ಪದ್ಧತಿಯಲ್ಲಿ ಒಂದು ತಿಳಿವಳಿಕೆ ಇದೆ.

ಈ ಕುಬಸಕ್ಕೆ ಬೇಕಾದ ಬಟ್ಟೆ ಖಣ. ಅದು ಬರುತ್ತಿದ್ದುದು ಗುಳೇದಗುಡ್ಡದಿಂದ. ಜೊತೆಗೆ ಉಡುವ ಸೀರೆ ಇಳಕಲ್ಲಿನಿಂದ. ಈ ಎರಡು ಊರುಗಳೂ 1997ರವರೆಗೆ ವಿಜಾಪುರ ಜಿಲ್ಲೆಯಲ್ಲಿಯೇ ಇದ್ದವು. ಆ ವರ್ಷ ಬಾಗಲಕೋಟೆ ಬೇರೆ ಜಿಲ್ಲೆಯಾದಾಗ ಹೆಸರಾಂತ ಮಗ್ಗಗಳ ಊರುಗಳು ಅತ್ತ ಹೋದವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳು ಇತ್ತ ಉಳಿದವು. ನೇಯ್ದವರು ಕೃಷ್ಣೆಯ ತೆಂಕಣ ದಂಡೆಯವರು, ಉಟ್ಟವರು ಬಡಗಣ ದಂಡೆಯವರು ಎಂದು ಈಗ ಹೇಳಬಹುದಾದರೂ ಸಂತೆಗೆ ಬರುವ ಬಟ್ಟೆಯ ಗಂಟು ಜಿಲ್ಲೆಯ ಗಡಿಯನ್ನು ಎಂದೂ ಲೆಕ್ಕಿಸಲಿಲ್ಲ.

ಖಣದ ಹರವು ಚಿಕ್ಕದು. ಒಂದು ತುಂಡಿನಲ್ಲಿ ಒಂದು ಕುಬಸ. ಆ ತುಂಡಿಗೇ ಖಣವೆಂದು ಹೆಸರು. ಬಿಗಿಯಾಗಿ ನೇಯ್ದ ಬಟ್ಟೆ. ಹಾಸಿನ ಗುಂಟ ಜಗ್ಗಿದರೆ ಜಗ್ಗದು, ಹೊಕ್ಕಿನ ಗುಂಟ ಜಗ್ಗಿದರೂ ಅಷ್ಟೇ. ಮೂಲೆಯಿಂದ ಮೂಲೆಗೆ ಓರೆಯಾಗಿ ಹಿಡಿದರೆ ಮಾತ್ರ ತುಸು ಸಡಲುತ್ತದೆ. ಆಗಲೂ ನೂಲು ಹಿಗ್ಗುವುದಿಲ್ಲ, ಹಾಸುಹೊಕ್ಕುಗಳ ನಡುವಣ ಕೋನ ಬದಲಾಗುತ್ತದೆ. ಇಂಥ ಬಟ್ಟೆಯನ್ನು ಮೈಗೆ ಅಂಟುವಂತೆ ಹೊಲಿದರೆ ಉಸಿರಾಡುವುದೇ ಕಷ್ಟವಾಗಬೇಕು. ಅದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯ ಮುಂಭಾಗದ ಗಂಟು. ಕುಬಸದ ಎರಡು ತುದಿಗಳನ್ನು ಎದೆಯ ಕೆಳಗೆ ತಂದು ಗಂಟು ಹಾಕಿದರಾಯಿತು. ಬಸುರಿಯಾದಾಗ ಗಂಟು ಸಡಿಲ, ಬಾಣಂತಿಗೆ ಇನ್ನೂ ಸಡಿಲ, ಹಸುಗೂಸಿಗೆ ಹಾಲೂಡುವಾಗ ಬಿಚ್ಚುವುದಕ್ಕೂ ಸುಲಭ, ಸುಗ್ಗಿಯ ದುಡಿಮೆಯಲ್ಲಿ ಮತ್ತೆ ಬಿಗಿ. ಬೆಳಗಾದರೆ ಕಟ್ಟುವವಳ ಬೆರಳೇ ಅಂದಿನ ಅಳತೆಯನ್ನು ನಿರ್ಣಯಿಸುತ್ತಿತ್ತು. 1876-77ರ ಧಾತು ಸಂವತ್ಸರದ ಬರದಲ್ಲಿ, ಈ ಜಿಲ್ಲೆಗೆ ಕಲಾದಗಿ ಜಿಲ್ಲೆಯೆಂಬ ಹೆಸರಿದ್ದ ಕಾಲದಲ್ಲಿ, ಈ ಸೀಮೆಯ ಜನ ಹಸಿವಿನಿಂದ ಸೊರಗಿದರು. ಆಗ ಅದೇ ಗಂಟು ಎಷ್ಟು ಒಳಕ್ಕೆ ಬಂದಿತ್ತೋ ಊಹಿಸಿಕೊಳ್ಳಬೇಕು. ಹೊಟ್ಟೆಗಿಲ್ಲದವರು ಬಟ್ಟೆ ಕೊಳ್ಳುವುದೆಲ್ಲಿಂದ? ಬರಗಾಲದಲ್ಲಿ ರೈತನ ಬೆನ್ನಿಗೇ ನೇಕಾರನೂ ಕುಸಿಯುತ್ತಿದ್ದುದು ಇದೇ ಕಾರಣದಿಂದ.

ಸೀರೆಯದೂ ಇದೇ ನ್ಯಾಯ. ಎಂಟು ಗಜ, ಒಂಬತ್ತು ಗಜದ ಹಿಗ್ಗದ ಬಟ್ಟೆ. ಅದನ್ನು ನಿರಿಗೆ ಹಿಡಿದು, ಕಚ್ಚೆ ಹಾಕಿ ಉಟ್ಟರೆ ಕಾಲಿಗೆ ಎಷ್ಟು ಬೇಕೋ ಅಷ್ಟು ಅವಕಾಶ. ಹಿಗ್ಗುವ ಗುಣ ನೂಲಿನಲ್ಲಿ ಇಲ್ಲದಿದ್ದಾಗ ಅದನ್ನು ನಿರಿಗೆಯಲ್ಲಿಯೂ ಗಂಟಿನಲ್ಲಿಯೂ ಇಟ್ಟುಕೊಂಡ ಕಾಲ ಅದು. ಉಡುವವಳ ಕೈಗೇ ಅದರ ಯಜಮಾನಿಕೆ.

ಹತ್ತಿಯ ಸ್ವಭಾವವನ್ನು ಸ್ವಲ್ಪ ನೋಡಿದರೆ ಇದರ ಅಗತ್ಯ ತಿಳಿಯುತ್ತದೆ. ಹತ್ತಿಯ ಎಳೆಯನ್ನು ನೂರಕ್ಕೆ ಎರಡರಷ್ಟು ಎಳೆದು ಬಿಟ್ಟರೆ ಹಿಗ್ಗಿದ್ದರಲ್ಲಿ ಸುಮಾರು ಮುಕ್ಕಾಲು ಪಾಲು ಮರಳುತ್ತದೆ. ನೂರಕ್ಕೆ ಐದರಷ್ಟು ಎಳೆದರೆ ಅರ್ಧವೂ ಮರಳುವುದಿಲ್ಲ. ಇನ್ನಷ್ಟು ಎಳೆದರೆ ಹರಿದೇ ಹೋಗುತ್ತದೆ. ಹತ್ತಿಯಂಗಿಯ ಮೊಣಕೈ ಉಬ್ಬಿ ಹಾಗೆಯೇ ಉಳಿಯುವುದು ಇದರಿಂದ. ಒಗೆದು ಗಂಜಿ ಹಾಕಿ ಒಣಗಿಸಿದರೆ ತಿರುಗಿ ಆಕಾರಕ್ಕೆ ಬಂದಂತೆ ಕಾಣುವುದು ನೀರಿನ ಉಪಕಾರ.

ನೇಕಾರನಿಗೆ ಈ ಲೆಕ್ಕ ಅಂಕಿಗಳಲ್ಲಿ ಗೊತ್ತಿರಲಿಲ್ಲ, ಬೆರಳಿನಲ್ಲಿ ಗೊತ್ತಿತ್ತು. ನೆರೆಯ ಸುರಪುರ ಸೀಮೆಯ ಮುದನೂರಿನ ದಾಸಿಮಯ್ಯನನ್ನು ನಾವು ಜೇಡರ ದಾಸಿಮಯ್ಯ ಎನ್ನುತ್ತೇವೆ, ಜೇಡನೆಂದರೆ ನೇಕಾರ. ಆದ್ಯ ವಚನಕಾರರಲ್ಲಿ ಒಬ್ಬನೆಂದು ನಾವು ತರಗತಿಯಲ್ಲಿ ಪಾಠ ಹೇಳುವ ಆತ ಮಗ್ಗದ ಮುಂದೆ ಕುಳಿತವನು ಎಂಬುದನ್ನು ಮರೆಯಲಾಗದು. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗವೂ ಸುಮ್ಮನೆ ಬಂದದ್ದಲ್ಲ. ವಿಜಾಪುರದ ಗಾಳಿ ಒಣ ಗಾಳಿ. ಒಣಗಿದ ಹತ್ತಿನೂಲು ಬೇಗ ಹರಿಯುತ್ತದೆ, ತೇವವಿದ್ದರೆ ಗಟ್ಟಿಯಾಗುತ್ತದೆ. ನೆಲದ ತಂಪು ಹಾಸಿಗೆ ಆ ತೇವವನ್ನು ಕೊಡುತ್ತಿತ್ತು. ನೂಲಿಗೆ ಹಾಕುವ ಗಂಜಿಯೂ ಎಳೆಗಳನ್ನು ಒಂದಕ್ಕೊಂದು ಅಂಟಿಸಿ ಎಳೆತವನ್ನು ತಾಳುವಂತೆ ಮಾಡುತ್ತಿತ್ತು.

ಇಳಕಲ್ ಸೀರೆಯ ಮಗ್ಗದಲ್ಲಿ ಈ ಬೆರಳಿನ ತಿಳಿವಳಿಕೆಗೆ ದೊಡ್ಡ ಪರೀಕ್ಷೆ. ಅಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ತುದಿಯ ಎಳೆಯನ್ನು ಇನ್ನೊಂದರ ಎಳೆಗೆ ಕೊಂಡಿಯಂತೆ ಕೂಡಿಸುತ್ತಾರೆ; ಆ ವಿಧಾನಕ್ಕೆ ‘ಕೊಂಡಿ’ ಎಂದೇ ಹೆಸರು. ಇದಲ್ಲದೆ ಒಡಲು ಹತ್ತಿಯದಾಗಿ ದಡಿ ರೇಷ್ಮೆಯದಾದಾಗ ಎರಡು ಬಗೆಯ ನೂಲು ಅಕ್ಕಪಕ್ಕದಲ್ಲಿ ಬಿಗಿದು ನಿಲ್ಲುತ್ತವೆ. ಒಂದು ಹೆಚ್ಚು ಹಿಗ್ಗಿ ಇನ್ನೊಂದು ಕಡಿಮೆ ಹಿಗ್ಗಿದರೆ ಮಗ್ಗದಿಂದ ಇಳಿಸಿದೊಡನೆ ಬಟ್ಟೆ ಸುಕ್ಕುಗಟ್ಟುತ್ತದೆ. ಆ ಸುಕ್ಕು ಬಾರದ ಹಾಗೆ ಬಿಗಿಯನ್ನು ಹೊಂದಿಸುವುದೇ ನೇಕಾರಿಕೆ.

ಹತ್ತಿ ಹಿಗ್ಗದು ಎಂದೆವು, ಉಣ್ಣೆ ಹಿಗ್ಗುತ್ತದೆ. ನಮ್ಮ ಸೀಮೆಯ ಕುರುಬರು ದಖನಿ ಕುರಿಯ ಉಣ್ಣೆಯಿಂದ ಕಂಬಳಿ ನೇಯ್ದು, ಹುಣಸೆಬೀಜದ ಗಂಜಿ ಹಾಕಿ ಬಿರುಸು ಮಾಡುತ್ತಾರೆ. ಉಣ್ಣೆಯನ್ನು ನೂರಕ್ಕೆ ಎರಡರಷ್ಟು ಎಳೆದರೆ ಹೆಚ್ಚುಕಡಿಮೆ ಪೂರ್ತಿಯಾಗಿ ಮರಳುತ್ತದೆ. ನೂರಕ್ಕೆ ಇಪ್ಪತ್ತರಷ್ಟು ಎಳೆದರೂ ಅರ್ಧಕ್ಕಿಂತ ಹೆಚ್ಚು ಮರಳುತ್ತದೆ. ಮೇಲಾಗಿ ನಯವಾದ ಉಣ್ಣೆಗೆ ಹುಟ್ಟಿನಿಂದಲೇ ಒಂದು ಸುರುಳಿ ಇರುತ್ತದೆ. ಆ ಸುರುಳಿಯ ಗುಟ್ಟನ್ನು 1953ರಲ್ಲಿ ಜಪಾನಿನ ಹೊರಿಯೋ ಮತ್ತು ಕೊಂದೋ ಎಂಬ ಇಬ್ಬರು ವಿಜ್ಞಾನಿಗಳು ತೋರಿಸಿಕೊಟ್ಟರು. ಉಣ್ಣೆಯ ಒಂದೊಂದು ಎಳೆಯಲ್ಲಿಯೂ ಎರಡು ಬಗೆಯ ಪದಾರ್ಥಗಳು ಬೆನ್ನಿಗೆ ಬೆನ್ನು ಹಚ್ಚಿಕೊಂಡಿವೆ. ಎರಡೂ ಒಂದೇ ಸಮನಾಗಿ ಕುಗ್ಗುವುದಿಲ್ಲವಾದ್ದರಿಂದ ಎಳೆ ಸುತ್ತಿಕೊಳ್ಳುತ್ತದೆ. ನಮ್ಮ ದಖನಿ ಕುರಿಯ ಉಣ್ಣೆ ಒರಟು. ಮೆರಿನೋ ಕುರಿಯದರಷ್ಟು ಸುರುಳಿ ಅದಕ್ಕಿಲ್ಲ. ಇರಲಿ. ಕುರಿಯ ಮೈಮೇಲಿನ ಈ ಗುಟ್ಟನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಕಾರ್ಖಾನೆಯಲ್ಲಿ ಅದು ಮತ್ತೆ ಎದುರಾಗುತ್ತದೆ.

ಹಿಗ್ಗದ ನೂಲನ್ನು ಹಿಗ್ಗುವಂತೆ ಮಾಡಲು ಇನ್ನೊಂದು ದಾರಿ ಹುರಿ. ರೇಷ್ಮೆಯ ಎಳೆಯನ್ನು ವಿಪರೀತವಾಗಿ ಹುರಿ ಮಾಡಿ, ಒಂದನ್ನು ಬಲಕ್ಕೆ, ಇನ್ನೊಂದನ್ನು ಎಡಕ್ಕೆ ತಿರುಚಿ ನೇಯ್ದು ನೀರಿಗೆ ಹಾಕಿದರೆ, ಹುರಿಯೆಲ್ಲ ಬಿಚ್ಚಿಕೊಳ್ಳಲು ಹವಣಿಸಿ ಬಟ್ಟೆಯ ಮೈ ನವುರಾಗಿ ಸುಕ್ಕುಗೂಡುತ್ತದೆ. ಇದೇ ಕ್ರೇಪ್. 1912ರಲ್ಲಿ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ರೇಷ್ಮೆ ಕಾರ್ಖಾನೆ ಹೆಸರು ಗಳಿಸಿದ್ದು ಈ ಕ್ರೇಪ್ ಸೀರೆಗಳಿಂದ. ಮೈಸೂರು ರೇಷ್ಮೆ ಸೀರೆ ಉಟ್ಟವರ ಮೈಗೆ ನೀರಿನಂತೆ ಇಳಿಯುವುದರಲ್ಲಿ ಹುರಿಯ ಪಾಲು ದೊಡ್ಡದು. ಹಿಗ್ಗಿನ ಯಜಮಾನಿಕೆ ಇಲ್ಲಿ ಉಡುವವಳ ಕೈಯಿಂದ ಹುರಿ ಹಾಕುವ ಯಂತ್ರದ ಬಳಿಗೆ ಒಂದು ಹೆಜ್ಜೆ ನಡೆಯಿತು.

ಆದರೆ ರೇಷ್ಮೆ ಎಲ್ಲರ ಕೈಗೆಟುಕುವ ವಸ್ತುವಲ್ಲ. ಆ ಆಸೆಯನ್ನು ಅಗ್ಗದಲ್ಲಿ ತೀರಿಸಲು ಬಂದದ್ದು ಮರದ ತಿರುಳಿನಿಂದ ತೆಗೆದ ರೇಯಾನ್. ಇಳಕಲ್ಲಿನವರು ಇದನ್ನು ‘ಚಮಕಾ’ ಎಂದರು. ಹೊಳಪಿನಿಂದ ಬಂದ ಹೆಸರು. ಸೆರಗಿಗೂ ದಡಿಗೂ ರೇಷ್ಮೆಯ ಬದಲು ಚಮಕಾ ಬಂತು. ಮುಂದೆ ನಮ್ಮ ನಾಡಿನಲ್ಲಿಯೇ, ಹರಿಹರದ ಬಳಿ ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿ, ನೀಲಗಿರಿ ಮರದಿಂದ ರೇಯಾನಿನ ತಿರುಳು ತೆಗೆಯುವ ಕಾರ್ಖಾನೆಯೂ 1970ರ ದಶಕದಲ್ಲಿ ನೆಲೆಗೊಂಡಿತು. ಚಮಕಾ ಹೊಳಪನ್ನು ತಂದಿತು. ಮರಳುವ ಗುಣವನ್ನು ತರಲಿಲ್ಲ. ಎಳೆದರೆ ಅದು ಹತ್ತಿಗಿಂತಲೂ ಕಡಿಮೆ ಮರಳುತ್ತದೆ, ನೀರಿನಲ್ಲಿ ಬಲ ಕಳೆದುಕೊಳ್ಳುತ್ತದೆ. ಅದಕ್ಕೇ ಮನೆಯ ಹಿರಿಯರು ಚಮಕಾ ಸೀರೆಯನ್ನು ಕಲ್ಲಿನ ಮೇಲೆ ಬಡಿಯಬೇಡಿರೆಂದು ಸೊಸೆಯರಿಗೆ ಹೇಳುತ್ತಿದ್ದರು.

ಈ ಕಥೆಗೆ ದೊಡ್ಡ ತಿರುವು ಬಂದದ್ದು 1941ರಲ್ಲಿ. ಇಂಗ್ಲೆಂಡಿನ ಕ್ಯಾಲಿಕೋ ಪ್ರಿಂಟರ್ಸ್ ಸಂಸ್ಥೆಯ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬವರು ನೂಲಿಗೆ ಒದಗುವ ಪಾಲಿಯೆಸ್ಟರನ್ನು ಕಂಡುಹಿಡಿದರು. ಅಲ್ಲಿ ಅದಕ್ಕೆ ಟೆರಿಲೀನ್ ಎಂದು ಹೆಸರು, ಅಮೆರಿಕದಲ್ಲಿ ಡಕ್ರಾನ್. 1960ರ ದಶಕದಲ್ಲಿ ಭಾರತದಲ್ಲಿಯೇ ಈ ನೂಲು ತಯಾರಾಗತೊಡಗಿತು. 1980ರ ದಶಕದಲ್ಲಿ ಮಹಾರಾಷ್ಟ್ರದ ಪಾತಾಳಗಂಗಾದಂಥ ದೊಡ್ಡ ಕಾರ್ಖಾನೆಗಳು ಅದನ್ನು ಅಗ್ಗ ಮಾಡಿದವು. ನಮ್ಮ ತಂದೆಯವರ ಟೆರಿಲಿನ್ ಅಂಗಿ, ಟೆರಿಕಾಟ್ ಪ್ಯಾಂಟುಗಳನ್ನು ಕಂಡವರಿಗೆ ಆ ಕಾಲದ ಬೆರಗು ನೆನಪಿದ್ದೀತು. ಒಗೆದು ಹರವಿದರೆ ಸಾಕು, ಇಸ್ತ್ರಿ ಬೇಡ! ಬೇಸಿಗೆಯಲ್ಲಿ ಮೈ ಬೆಂದರೂ ಮಡಿಕೆ ಮುರಿಯುತ್ತಿರಲಿಲ್ಲ.

ಮಡಿಕೆ ಮುರಿಯದ ಈ ಗುಣದ ಹಿಂದೆಯೇ ಹಿಗ್ಗುವ ನೂಲಿನ ಕೀಲಿಕೈ ಇದೆ. ಪಾಲಿಯೆಸ್ಟರು ಕಾಯಿಸಿದಾಗ ಮೆತ್ತಗಾಗುತ್ತದೆ. ಸುಮಾರು 260 ಡಿಗ್ರಿ ಸೆಲ್ಸಿಯಸಿನಲ್ಲಿ ಕರಗುತ್ತದೆ. ಕರಗುವ ಮೊದಲೇ ನಿಲ್ಲಿಸಿ, ಬೇಕಾದ ಆಕಾರದಲ್ಲಿ ಹಿಡಿದು ತಣಿಸಿದರೆ ಆ ಆಕಾರವನ್ನು ಮರೆಯುವುದಿಲ್ಲ. ಎಳೆಯನ್ನು ತಿರುಚಿ, ಕಾಯಿಸಿ, ತಣಿಸಿ, ಮತ್ತೆ ತಿರುಚನ್ನು ಬಿಚ್ಚಿದರೆ ನೂಲು ನೆಟ್ಟಗಾಗದೆ ಸಾವಿರಾರು ಸಣ್ಣ ಸುರುಳಿಗಳಾಗಿ ಮುದುಡಿಕೊಳ್ಳುತ್ತದೆ. ಹಳೆಯ ಟೆಲಿಫೋನಿನ ಸುರುಳಿ ತಂತಿಯನ್ನು ನೋಡಿದವರಿಗೆ ಹೆಚ್ಚು ವಿವರಣೆ ಬೇಡ. ಎಳೆದರೆ ಸುರುಳಿ ಬಿಚ್ಚುತ್ತದೆ, ಬಿಟ್ಟರೆ ಸುತ್ತಿಕೊಳ್ಳುತ್ತದೆ. ಸ್ವಿಟ್ಜರ್ಲೆಂಡಿನ ಹೆಬರ್ಲೈನ್ ಸಂಸ್ಥೆ ಈ ಮಾರ್ಗವನ್ನು 1930ರ ದಶಕದಲ್ಲಿಯೇ ಹಿಡಿದಿತ್ತು. ಮಹಾಯುದ್ಧದ ನಂತರ ನೈಲಾನಿಗೂ ಆಮೇಲೆ ಪಾಲಿಯೆಸ್ಟರಿಗೂ ಅದು ಒದಗಿತು.

ಇನ್ನೊಂದು ದಾರಿಯಲ್ಲಿ ಹೊರಟವರು ಅಮೆರಿಕದ ಡುಪಾಂಟ್ ಸಂಸ್ಥೆಯ ಜೋಸೆಫ್ ಶೈವರ್ಸ್. ಹೆಂಗಸರ ಬಿಗಿಯಾದ ಒಳ ಉಡುಪುಗಳಲ್ಲಿ ಬಳಸುತ್ತಿದ್ದ ರಬ್ಬರಿಗೆ ಬದಲಿಯನ್ನು ಹುಡುಕುತ್ತ ಅವರು 1958ರಲ್ಲಿ ಸ್ಪ್ಯಾಂಡೆಕ್ಸ್ ನೂಲನ್ನು ಕಂಡುಹಿಡಿದರು. ಲೈಕ್ರಾ ಎಂಬುದು ಅದರ ವ್ಯಾಪಾರದ ಹೆಸರು. ತನ್ನ ಉದ್ದದ ಐದಾರು ಪಟ್ಟು ಹಿಗ್ಗಿ ಮರಳುವ ಈ ನೂಲನ್ನು ಪಾಲಿಯೆಸ್ಟರಿನೊಂದಿಗೆ ತುಸುವೇ ಬೆರೆಸಿದರೂ ಬಟ್ಟೆ ಮೈಯನ್ನು ಹಿಂಬಾಲಿಸುತ್ತದೆ. ಆದರೆ ಕಾವು, ಈಜುಕೊಳದ ಕ್ಲೋರಿನ್ ಇವು ಅದಕ್ಕೆ ಶತ್ರುಗಳು. ಆದ್ದರಿಂದ ಪಾಲಿಯೆಸ್ಟರನ್ನೇ ಹಿಗ್ಗಿಸುವ ಯತ್ನ ಬಿಡದೆ ನಡೆಯಿತು. ಕೊನೆಗೆ ಒಂದೇ ಎಳೆಯಲ್ಲಿ ಎರಡು ಜಾತಿಯ ಪಾಲಿಯೆಸ್ಟರುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಹೊರತೆಗೆದರು. ಕಾವು ತಾಗಿದಾಗ ಒಂದು ಹೆಚ್ಚು ಕುಗ್ಗುತ್ತದೆ, ಇನ್ನೊಂದು ಕಡಿಮೆ. ಎಳೆ ತಾನಾಗಿ ಸುರುಳಿಯಾಗುತ್ತದೆ. ಕುರಿಯ ಮೈಮೇಲೆ ನಾವು ಕಂಡ ಗುಟ್ಟು ಇದೇ ಅಲ್ಲವೇ? 2002ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಈ ಬಗೆಯ ನೂಲಿಗೆ ಪ್ರತ್ಯೇಕ ಹೆಸರನ್ನೇ ಕೊಟ್ಟಿತು. ಸ್ಪ್ಯಾಂಡೆಕ್ಸಿನಷ್ಟು ಇದು ಹಿಗ್ಗದು. ಆದರೆ ಒಗೆತವನ್ನೂ ಕ್ಲೋರಿನನ್ನೂ ಅದಕ್ಕಿಂತ ಚೆನ್ನಾಗಿ ತಾಳುತ್ತದೆ.

ಇಂಥ ನೂಲಿನ ಪರೀಕ್ಷೆ ಸರಳ. ಬಟ್ಟೆಯ ಪಟ್ಟಿಯ ಮೇಲೆ ಎರಡು ಗುರುತು ಹಾಕಿ, ತೂಕ ತೂಗಬಿಟ್ಟು, ಎಷ್ಟು ಹಿಗ್ಗಿತೆಂದು ಅಳೆಯುತ್ತಾರೆ. ತೂಕ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಎಷ್ಟು ಮರಳಿತೆಂದು ಮತ್ತೆ ಅಳೆಯುತ್ತಾರೆ. ಮರಳದೆ ಉಳಿದದ್ದೇ ಬಟ್ಟೆಯ ಸೋಲು. ಸಂತೆಯಲ್ಲಿ ಮಾರುವವನು ಮೊದಲ ಅರ್ಧವನ್ನು ಮಾತ್ರ ತೋರಿಸುತ್ತಾನೆ. ಎರಡನೆಯ ಅರ್ಧವನ್ನು ಕೊಂಡವರು ಮನೆಯಲ್ಲಿ, ಹತ್ತಾರು ಒಗೆತಗಳ ನಂತರ, ತಾವೇ ನೋಡಬೇಕು.

ಹಾಗೆಂದು ಹಳೆಯದನ್ನು ಹೊಗಳಿ ಹೊಸದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ವಿಜಯಪುರ ಜಿಲ್ಲೆ ಸೈಕಲ್ ಸವಾರರಿಗೆ ಹೆಸರಾದದ್ದು. ಬೆಳಗಿನ ಜಾವ ಹೆದ್ದಾರಿಯಲ್ಲಿ ಸಾಲಾಗಿ ಸೈಕಲ್ ತುಳಿಯುತ್ತ ಹೋಗುವ ಹುಡುಗಿಯರನ್ನು ನಾನು ನಿಂತು ನೋಡಿದ್ದೇನೆ. ಬೆನ್ನು ಬಾಗಿಸಿ, ಮೊಣಕಾಲು ಎದೆಯವರೆಗೆ ಎತ್ತಿ ತುಳಿಯುವ ಆ ಮೈಗೆ ಹಿಗ್ಗುವ ನೂಲಿನ ಉಡುಪೇ ಬೇಕು. ಒಂಬತ್ತು ಗಜದ ಸೀರೆ ಹೊಲದ ದುಡಿಮೆಗೆ ಒದಗೀತೇ ಹೊರತು ಆ ಓಟಕ್ಕೆ ಒದಗದು. ಅಜ್ಜಿ ಇದ್ದಿದ್ದರೆ ಮೊದಲು ಮೂಗಿನ ಮೇಲೆ ಬೆರಳಿಟ್ಟು, ಆಮೇಲೆ “ಹೋಗವಾ, ಜೋರಾಗಿ ಹೋಗು” ಎಂದೇ ಅನ್ನುತ್ತಿದ್ದಳು ಎಂದು ನನಗೆ ತೋರುತ್ತದೆ.

ನಾವು ಕೇಳಬೇಕಾದ ಪ್ರಶ್ನೆ ಬೇರೆಯದು. ಅಜ್ಜಿಯ ಗಂಟು ಸಡಲಿದರೆ ಅವಳೇ ಬಿಗಿಯುತ್ತಿದ್ದಳು. ಇಳಕಲ್ಲಿನ ಹಾಸು ಸಡಲಿದರೆ ನೇಕಾರ ಸರಿಪಡಿಸುತ್ತಿದ್ದ. ಹಿಗ್ಗುವ ನೂಲು ತನ್ನ ಮರಳುವ ಗುಣವನ್ನು ಕಳೆದುಕೊಂಡರೆ ಇಂಡಿಯ ದರ್ಜಿಯಾಗಲಿ ಬಾಗೇವಾಡಿಯ ದರ್ಜಿಯಾಗಲಿ ಅದನ್ನು ತಿರುಗಿ ಕೊಡಲಾರ. ಆ ಗುಣ ಕೂಡಿದ್ದು ದೂರದ ಕಾರ್ಖಾನೆಯಲ್ಲಿ, ಎಳೆ ಹುಟ್ಟಿದ ಗಳಿಗೆಯಲ್ಲಿ. ಅಗ್ಗದ ಬಟ್ಟೆಯಲ್ಲಿ ಅದು ಬೇಗ ಸೋಲುತ್ತದೆ. ಸೊಂಟದ ಪಟ್ಟಿ ಜೋತು ಬೀಳುತ್ತದೆ. ಬಡವರು ಮತ್ತೆ ಹೊಸದನ್ನು ಕೊಳ್ಳಬೇಕು.

ಸೋತ ಬಟ್ಟೆ ಮುಂದೆ ಎಲ್ಲಿಗೆ ಹೋಗಬೇಕು? ಹತ್ತಿಯ ಹಳೆಯ ಸೀರೆಗೆ ನಮ್ಮ ಮನೆಗಳಲ್ಲಿ ಇನ್ನೊಂದು ಜನ್ಮವಿತ್ತು. ನಾಲ್ಕಾರು ಸೀರೆಗಳನ್ನು ಪದರ ಪದರವಾಗಿ ಹಾಸಿ, ಸಾಲುಹೊಲಿಗೆ ಹಾಕಿ ಹೆಂಗಸರು ಕೌದಿ ಮಾಡುತ್ತಿದ್ದರು. ಹಿಗ್ಗುವ ಬಟ್ಟೆ ಕೌದಿಗೆ ಬಾರದು. ಸೂಜಿ ಹಾಯಿಸಿ ದಾರ ಎಳೆದರೆ ಮುದುಡಿಕೊಳ್ಳುತ್ತದೆ. ಪಾಲಿಯೆಸ್ಟರನ್ನೂ ಸ್ಪ್ಯಾಂಡೆಕ್ಸನ್ನೂ ಬೆರೆಸಿದ ಬಟ್ಟೆಯಿಂದ ಎರಡನ್ನೂ ಬೇರ್ಪಡಿಸಿ ಮತ್ತೆ ನೂಲು ಮಾಡುವುದು ದೊಡ್ಡ ಕಾರ್ಖಾನೆಗಳಿಗೂ ಕಠಿಣವಾದ ಕೆಲಸ. ಹಳ್ಳಿಯ ತಿಪ್ಪೆಯಲ್ಲಿ ಅದು ಕೊಳೆಯದೆ ಬಿದ್ದಿರುತ್ತದೆ.

ಅಜ್ಜಿಯ ಕೊನೆಯ ಕುಬಸ ನಮ್ಮ ಮನೆಯ ಟ್ರಂಕಿನಲ್ಲಿ ಇದೆ. ಬಣ್ಣ ಮಾಸಿದೆ, ಬಟ್ಟೆಯ ಮೈ ಎಲ್ಲಿಯೂ ಉಬ್ಬಿಲ್ಲ, ಜೋತಿಲ್ಲ. ಗಂಟು ಹಾಕುತ್ತಿದ್ದ ಎರಡು ತುದಿಗಳು ಮಾತ್ರ ಸವೆದು ತೆಳ್ಳಗಾಗಿವೆ. ಕಳೆದ ವರ್ಷ ನಮ್ಮ ತಂಗಿಯ ಮಗಳ ಕುಬಸದ ಕಾರ್ಯವಾಯಿತು. ಅವಳು ತೊಟ್ಟದ್ದು ಹಿಗ್ಗುವ ಬಟ್ಟೆಯ ರವಿಕೆ. ಏಳನೆಯ ತಿಂಗಳಿನ ಮೈಗೆ ಅದರಿಂದ ಹಿತವೇ ಆಗಿತ್ತು. ಉಡಿ ತುಂಬುವಾಗ ಮುತ್ತೈದೆಯರು ಪದ್ಧತಿಯಂತೆ ಗುಳೇದಗುಡ್ಡದ ಖಣವನ್ನು ಇಟ್ಟರು. ಅವಳು ಅದನ್ನು ಬಿಡಿಸಿ, ಎರಡೂ ಕೈಯಿಂದ ಜಗ್ಗಿ ನೋಡಿ, “ಇದು ಹಿಗ್ಗೂದ ಇಲ್ಲಲ್ಲ ಮಾಮಾ, ಇದನ್ನ ಆಯಿ ಹೆಂಗ ತೊಡತಿದ್ಲು?” ಎಂದು ಕೇಳಿದಳು. ನಾನು ಟ್ರಂಕನ್ನು ತೆರೆದು ಆ ಸವೆದ ತುದಿಗಳನ್ನು ಅವಳ ಕೈಯಲ್ಲಿಟ್ಟೆ.